ರುಮಾಲು ಸುತ್ತಿದ ಕ

ಸಿಟ್ಟು ಬಂದಾಗ ಬರೆಯಬಾರದು ಅಂತ ಅವರೇ ಹೇಳುತ್ತಿದ್ದರು. "ಸಿಟ್ಟಿನಾಗ ಕುಂಚ ಹಿಡದ್ರ ಗೆರಿ ದಪ್ಪ ಬರ್ತೈತ್ರಿ. ಮೊದಲ ಕೈ ತೊಳೀಬೇಕು, ಚಾ ಕುಡೀಬೇಕು, ಆಮ್ಯಾಲ ಬರೀಬೇಕು." ಶನಿವಾರದಿಂದ ನಾಲ್ಕು ದಿನ ಕಾದಿದ್ದೇನೆ. ಕೈ ತೊಳೆದದ್ದೂ ಆಯಿತು, ಚಹಾ ಕುಡಿದದ್ದೂ ಆಯಿತು. ಮಂಗಳವಾರ ಕೂತು ವರ್ಷಕ್ಕಾಗುವಷ್ಟು ಹುಣಸೆಹಣ್ಣಿನ ಬೀಜ ತೆಗೆದೆ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಒರೆಸಿ, ಮತ್ತೆ ಮೇಲಿಟ್ಟೆ. ಡಬ್ಬಿ ಇಳಿದವು, ಸಿಟ್ಟು ಇಳಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವರು ಹೈದರಾಬಾದಿನಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದ ಪೇಂಟರ್. ಊರು ಯಾದಗಿರಿ ಕಡೆಯ ಒಂದು ಗಡಿಹಳ್ಳಿ. ನಾವು ಕನ್ನಡದವರೆಲ್ಲ ಪೇಂಟರ್ ಕಾಕಾ ಅನ್ನುತ್ತಿದ್ದೆವು. ಹೋದ ಚಳಿಗಾಲದಲ್ಲಿ ತೀರಿಕೊಂಡರು. ಅವರಿಗೊಂದು ಹೆಸರಿತ್ತು, ಒಳ್ಳೆಯ ನಾಲ್ಕಕ್ಷರದ ಹೆಸರು. ಅದನ್ನು ಇಲ್ಲಿ ಬರೆಯುತ್ತಿಲ್ಲ. ಯಾಕೆಂದು ಕೊನೆಗೆ ಹೇಳುತ್ತೇನೆ.

ನಾನು ಮದುವೆಯಾಗಿ ರಾಯಚೂರಿನಿಂದ ಬಂದ ಹೊಸದು. ಯಜಮಾನರು ಕೇಂದ್ರ ಸರಕಾರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಹಿಮಾಯತ್‌ನಗರದಲ್ಲಿ ಒಂದು ಹಳೆಯ ಮನೆಯ ಹಿಂಭಾಗದ ಎರಡು ಕೋಣೆಯಲ್ಲಿ ನಮ್ಮ ಬಾಡಿಗೆ ಸಂಸಾರ. ತರಕಾರಿಯವಳ ಹತ್ತಿರ ತೆಲುಗು, ಹಾಲಿನವನ ಹತ್ತಿರ ಹಿಂದಿ. ಎರಡೂ ನನಗೆ ಬಾರದು. ಕೈಸನ್ನೆಯಲ್ಲೇ ಬದನೆಕಾಯಿ ಕೊಳ್ಳುತ್ತಿದ್ದೆ. ಸಂಜೆ ಯಜಮಾನರು ಬರುವವರೆಗೆ ಬಾಯಿಗೆ ಕೆಲಸವೇ ಇಲ್ಲ. ಹಾಗಿದ್ದಾಗ ಒಂದು ದಿನ ಕೊತ್ತಂಬರಿ ಸಿವುಡು ಹಿಡಿದು ಬರುತ್ತಿದ್ದವಳು ಬಟ್ಟೆ ಅಂಗಡಿಯೊಂದರ ಹೊಸ ಬೋರ್ಡು ನೋಡಿ ನಿಂತುಬಿಟ್ಟೆ. ಪೂರ್ತಿ ತೆಲುಗು ಬೋರ್ಡು. ಅದರ ನಡುವೆ ಒಂದು ಕ ಮಾತ್ರ ನಮ್ಮದು.

ಕನ್ನಡದ ಕ, ತೆಲುಗಿನ ಕ ಎರಡೂ ಕೆಳಗೆ ಅಣ್ಣತಮ್ಮಂದಿರ ಹಾಗೆಯೇ ಇರುತ್ತವೆ. ತಲೆಯಲ್ಲಿ ಮಾತ್ರ ಬೇರೆ. ನಮ್ಮದಕ್ಕೆ ಮೇಲೊಂದು ಅಡ್ಡಗೆರೆ, ಅದರ ತುದಿಗೆ ಸಣ್ಣ ಕೊಂಕು. ಅವರದಕ್ಕೆ ಮೇಷ್ಟ್ರು 'ಸರಿ' ಅಂತ ಹಾಕುವ ಗುರುತಿನಂಥ ಗೀಟು. ಬೋರ್ಡಿನ ಉಳಿದ ಅಕ್ಷರಗಳಿಗೆಲ್ಲ ಗೀಟಿತ್ತು. ಆ ಒಂದು ಕ ಅಡ್ಡಗೆರೆ ಹೊತ್ತು ನಿಂತಿತ್ತು.

ಏಣಿಯ ಮೇಲಿದ್ದವರು ಕಿವಿಗೆ ಕುಂಚ ಸಿಕ್ಕಿಸಿಕೊಂಡು ತಿರುಗಿದರು. "ಏಮಮ್ಮಾ, ಏಮ್ ಚೂಸ್ತುನ್ನಾರು?"

ಏನು ನೋಡುತ್ತಿದ್ದೀರಿ ಅಂದದ್ದಿರಬೇಕು. ನನ್ನ ಬಾಯಿಂದ ತಾನಾಗಿ ಬಂತು. "ಆ ಕ ನಮ್ಮದಲ್ರೀ?"

ಅವರು ಸರಸರ ಏಣಿ ಇಳಿದರು. ಅಂಗೈಯನ್ನು ಎಡತೊಡೆಗೆ ಒರೆಸಿಕೊಂಡು ನಕ್ಕರು. "ಹನ್ನೊಂದನೇದವ್ರು ನೀವು."

"ಏನ್ ಹನ್ನೊಂದು?"

"ಹಿಂಗ ನಿಂತು ಕೇಳಿದವ್ರು. ಯಾ ಊರ್ರಿ ನಿಮ್ಮದು? ಮೊದಲ ಹೇಳ್ರಿ, ಚಾ ತರಸ್ತೀನಿ."

ಮೊದಲನೆಯ ಸಲ ಅದು ಕೈತಪ್ಪೇ ಅಂತೆ. ಶಾಲೆಯಲ್ಲಿ ಕಲಿತ ಕೈ, ಅಭ್ಯಾಸಬಲದಿಂದ ಕನ್ನಡದ ತಲೆ ಎಳೆದುಬಿಟ್ಟಿತ್ತು. ಅಂಗಡಿಯವನು "ನಾ ದುಕಾಣಂ ನೆತ್ತಿ ಮೀದ ಕನ್ನಡಂ ಪೆಟ್ಟಿನವೇಂದಿ?" ಎಂದು, ನನ್ನ ಅಂಗಡಿಯ ನೆತ್ತಿಯ ಮೇಲೆ ಕನ್ನಡ ಯಾಕಿಟ್ಟೆಯೆಂದು, ರಸ್ತೆಗೆಲ್ಲ ಕೇಳುವ ಹಾಗೆ ಬೈದನಂತೆ. ಮರುದಿನ ತಿದ್ದಲು ಬಣ್ಣ ಹಿಡಿದು ಬಂದರೆ ಬೋರ್ಡಿನ ಕೆಳಗೊಬ್ಬ ನಿಂತಿದ್ದ. ಕಲಬುರಗಿ ಕಡೆಯ ಅಡುಗೆಭಟ್ಟ. "ಇದನ್ನ ಬರದವ್ರು ಯಾರ್ರಿ? ನಮ್ಮ ಕಡಿಯವ್ರ?" ಎಂದು ಬಂದವರನ್ನೆಲ್ಲ ಕೇಳುತ್ತಿದ್ದನಂತೆ.

"ತಿದ್ದಾಕ ಮನಸ್ ಬರಲಿಲ್ರಿ ಅವ್ವಾ," ಅಂದರು. "ಅವತ್ತಿನಿಂದ ಪ್ರತಿಯೊಂದು ತೆಲುಗು ಬೋರ್ಡಿನಾಗ ಒಂದ ಒಂದು ಕ ಹಿಂಗ ಬಿಡ್ತೀನಿ. ಆ ಮೊದಲಿನಾಂವನ ಬಿಟ್ರ ಯಾ ಮಾಲಕರಿಗೂ ಗೊತ್ತಾಗಿಲ್ಲ. ಸಾವಿರ ಮಂದಿ ಹಾದು ಹೋಗ್ಲಿ. ಒಬ್ಬಾಂವ ನಿಂತು, ಬರದವ್ರು ಯಾರು ಅಂತ ಕೇಳಿದ್ರ ಸಾಕು."

ತಲಕಟ್ಟು ಅನ್ನುವ ಮಾತನ್ನು ಅವರ ಬಾಯಲ್ಲಿ ನಾನು ಕೇಳಲೇ ಇಲ್ಲ. "ನಮ್ಮ ಅಕ್ಷರ ರುಮಾಲು ಸುತ್ಗೊಂಡು ಕಟ್ಟಿ ಮ್ಯಾಲ ಕುಂತ ಹಿರೇಮನಿಷ್ಯಾ. ಅವರದು ತುರಾಯಿ ಇಟ್ಗೊಂಡು ಹೊಂಟ ಮದುಮಗ. ಇಬ್ಬರೂ ಒಂದ ಮನಿಯವ್ರರಿ, ಜಗಳ ಯಾಕ?"

ಎಡತೊಡೆ ಅಂದೆನಲ್ಲ, ಅದನ್ನು ಹೇಳಬೇಕು. ಕುಂಚ ಒರೆಸಿ ಒರೆಸಿ ಅವರ ಪ್ಯಾಂಟಿನ ಎಡತೊಡೆ ಒಂದು ಗೋಡೆಯ ಹಾಗೆ ಗಟ್ಟಿಯಾಗಿತ್ತು. ಬಲಗಡೆ ಇಸ್ತ್ರಿ ಮಾಡಿದ ಮಡಿಕೆ, ಎಡಗಡೆ ಹೋಳಿ ಹುಣ್ಣಿಮೆ. ಬರೆಯುವಾಗ ಕಿರುಬೆರಳನ್ನು ಗೋಡೆಗೆ ಊರಿ, ಉಸಿರು ಬಿಗಿಹಿಡಿದು, ಅಕ್ಷರ ಮುಗಿದ ಮೇಲೆ 'ಹಾ' ಎಂದು ಬಿಡುತ್ತಿದ್ದರು. ಕನ್ನಡ, ತೆಲುಗು, ಹಿಂದಿ ಓದಿ ಬರೆಯಬಲ್ಲವರು. ಉರ್ದುವನ್ನು ತಮ್ಮ ಉಸ್ತಾದರ ಬಳಿ ಕಾಲು ಒತ್ತಿ ಕಲಿತಿದ್ದರು. ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬಂದಾಗ ಅಡುಗೆ ಕಟ್ಟೆಯ ಮೇಲಿನ ಡಬ್ಬಿಗಳನ್ನು ನೋಡಿ ಮುಖ ಸಿಂಡರಿಸಿದರು. ನಾನು ಪ್ರತಿ ಡಬ್ಬಿಗೂ ಚೀಟಿ ಅಂಟಿಸುವವಳು. "ಏನವ್ವಾ, ಸಕ್ರಿ ಅಂತ ಬರದೀರಿ, ಅಕ್ಷರ ನೋಡಿದ್ರ ಔಷಧ ಇದ್ದಂಗ ಐತಿ. ಖಾರಪುಡಿ ಅಂದ್ರ ಕಣ್ಣಾಗ ನೀರು ಬರ್ಬೇಕು." ಮರುವಾರ ಒಂದು ಕಪ್ಪು ಮಾರ್ಕರ್ ತಂದುಕೊಟ್ಟು, ಕೂಡಿಸಿಕೊಂಡು ತಿದ್ದಿಸಿದರು. ಅಂದಿನಿಂದ ಇಂದಿನವರೆಗೆ ನನ್ನ ಕೈಚೀಲದಲ್ಲಿ ಬೀಗದಕೈ ಇಲ್ಲದಿದ್ದರೂ ಮಾರ್ಕರ್ ಇರುತ್ತದೆ.

ಮಗಳು ಶಾಲೆಗೆ ಹೋಗುವ ಹೊತ್ತಿಗೆ ಭಾನುವಾರ ಭಾನುವಾರ ಬಂದು ಅವಳಿಗೆ ಕನ್ನಡ, ತೆಲುಗು ಎರಡನ್ನೂ ಜೋಡಿಯಾಗಿ ಕಲಿಸಿದರು. ಮೇಲೊಂದು ಸಾಲು, ಕೆಳಗೊಂದು ಸಾಲು. ಒಂದು ಭಾನುವಾರ "ಇವತ್ತು ಪಾಠ ಬ್ಯಾಡ, ಬೋರ್ಡ್ ನೋಡಾಕ ಹೋಗೂಣು ಬರ್ರಿ" ಎಂದು ನಮ್ಮಿಬ್ಬರನ್ನೂ ಹೊರಡಿಸಿದರು. ಹಿಮಾಯತ್‌ನಗರದಿಂದ ನಾರಾಯಣಗುಡದವರೆಗೆ ಕಾಲುನಡಿಗೆ, ಅಲ್ಲಿಂದ ಬಸ್ಸಿನಲ್ಲಿ ತಾರ್ನಾಕ. ದಿನವಿಡೀ ಕತ್ತೆತ್ತಿ ನಡೆದೆವು. "ಈ ದವಾಖಾನಿ ಬೋರ್ಡು ನೋಡ್ರಿ, ಅಕ್ಷರಕ್ಕ ಜ್ವರಾ ಬಂದೈತಿ." "ಈ ಮಿಠಾಯಿ ಅಂಗಡಿ ನ ಅಕ್ಷರ ನೋಡ್ರಿ, ಹೊಟ್ಟಿ ಬಂದೈತಿ, ತುಪ್ಪ ತಿಂದದ್ದು." ಮಗಳು ನಕ್ಕು ನಕ್ಕು ಬಿಕ್ಕಳಿಸಿದಳು. ತಾರ್ನಾಕದ ಸೈಕಲ್ ಅಂಗಡಿಯ ಮೇಲೆ ರುಮಾಲಿನ ಕ ಹುಡುಕಿದ್ದು ಅವಳೇ. ಊರಿನಲ್ಲಿ ಅಂಥವು ಎಷ್ಟಿವೆಯೆಂದು ಕೇಳಿದಳು. "ಎಣಿಸಿಲ್ಲ ಕಂದಾ. ನಿಂತು ಕೇಳಿದವ್ರನ್ನಷ್ಟ ಎಣಸ್ತೀನಿ," ಅಂದರು.

ಆಮೇಲೆ ಪ್ಲಾಸ್ಟಿಕ್ ಫ್ಲೆಕ್ಸ್ ಬಂತು. ಕಂಪ್ಯೂಟರ್ ಅಕ್ಷರ ಬಂತು. ಒಂದೊಂದಾಗಿ ಅವರ ಬೋರ್ಡುಗಳು ಗುಜರಿಗೆ ಹೋದವು. ನಾವು ಲಿಂಗಂಪಲ್ಲಿಯ ಫ್ಲಾಟಿಗೆ ಬಂದೆವು. ಅವರಿಗೆ ಉಳಿದದ್ದು ಊರಿನ ದೊಡ್ಡ ಕೆರೆಯ ಹಿಂದೆ ಬಸ್ತಿ ಅನ್ನುವ ಕೇರಿಯಲ್ಲಿದ್ದ ಸ್ವಂತದ ಎರಡು ಕೋಣೆ ಮನೆ, ಓಣಿಯ ಕಡೆಗಿರುವ ಅದರ ಎತ್ತರದ ಪಕ್ಕಗೋಡೆ. ಆ ಗೋಡೆಯ ಮೇಲೆ ಜೋಡಿ ಅಕ್ಷರಮಾಲೆ ಬರೆಯುವುದು ಅವರ ಆಸೆ. ಮೇಲೆ ಕನ್ನಡ, ಕೆಳಗೆ ತೆಲುಗು. ಓಣಿಯ ಮಕ್ಕಳು ಹಾದುಹೋಗುತ್ತಲೇ ಎರಡನ್ನೂ ಕಲಿಯಬೇಕು. ಕೊನೆಯಲ್ಲಿ, ಬಲಮೂಲೆಗೆ, ಮೊಟ್ಟಮೊದಲ ಬಾರಿಗೆ ತಮ್ಮ ಪೂರ್ತಿ ಹೆಸರು. "ಉಳಿದದ್ದೆಲ್ಲಾ ಮಂದಿ ಹೆಸರು ಬರದದ್ದಾತು. ಇದೊಂದು ಗೋಡಿ ನಂದು." ನೀಲಿಯಲ್ಲಿ ಅದ್ದಿದ ದಾರ ಬಿಗಿದು, ಚಿಟ್ಟನೆ ಬಿಟ್ಟು, ಸಾಲಿಗೆ ಗೆರೆ ಕೂಡ ಹೊಡೆದಿಟ್ಟಿದ್ದರು. ಬಣ್ಣಕ್ಕೆ ದುಡ್ಡು ಕೂಡಲೆಂದು ಕಾಯುತ್ತಿದ್ದರು.

ಅಷ್ಟರಲ್ಲಿ ಆ ಬಸ್ತಿಯನ್ನು ಕಲೆಯ ಬಸ್ತಿ ಮಾಡುತ್ತೇವೆಂದು ಒಂದು ಗುಂಪು ಬಂತು. ಗೋಡೆ ಗೋಡೆಗೂ ಚಿತ್ರ ಬರೆಸುವವರು. ಕಾಕಾನ ಗೆರೆ ನೋಡಿದರು, ಕುಂಚ ನೋಡಿದರು, ತೊಡೆ ಸಹಿತ ಫೋಟೋ ತೆಗೆದರು. ಗೋಡೆಗೆ ಬಣ್ಣ ತಾವೇ ಕೊಡುತ್ತೇವೆ, ಒಂದು ಕಾಗದಕ್ಕೆ ಸಹಿ ಬೇಕು ಅಂದರು. ಕಾಕಾ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಲೋಕಲ್ ರೈಲು ಹತ್ತಿ ನಮ್ಮ ಮನೆಗೆ ಬಂದರು.

"ಅವ್ವಾ, ಇಂಗ್ಲೀಷ್ ಅಕ್ಷರ ಎಷ್ಟರೆ ಬರೀತೀನಿ. ಅದರ ಹೊಟ್ಟಿಯಾಗ ಏನೈತಿ ತಿಳಿಯಂಗಿಲ್ಲ. ನೀವೊಮ್ಮಿ ಓದ್ರಿ."

ಈಗ ಬರೆಯುವುದು ನನಗೆ ಕಷ್ಟ. ಎರಡು ಪುಟದ ಕಾಗದ. ಮೊದಲನೆಯದನ್ನು ಓದಿದೆ: ಸ್ಥಳೀಯ ಕಲೆ, ಪರಂಪರೆ, ಗೌರವ, ಎಲ್ಲ ಸಿಹಿ ಮಾತು. ಎರಡನೆಯದನ್ನು ತಿರುಗಿಸುವಾಗ ಕುಕ್ಕರ್ ಕೂಗಿತು. ಬೇಳೆ ಹೊತ್ತೀತೆಂದು ಎದ್ದು ಹೋದೆ. ಒಲೆ ಆರಿಸಿ ಅಲ್ಲಿಂದಲೇ ಹೇಳಿದೆ, "ಛಲೋ ಐತಿ ಕಾಕಾ, ಸಹಿ ಮಾಡ್ರಿ." ಅವರು ಎದ್ದು ಕೈ ತೊಳೆದರು, ಚಹಾ ಕೇಳಿ ಕುಡಿದರು, ಉಸಿರು ಹಿಡಿದು ಕನ್ನಡದಲ್ಲಿ ಹೆಸರು ಬರೆದರು. 'ಹಾ' ಅಂದರು. ಅಷ್ಟು ಚೆಂದದ ಸಹಿಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಎರಡನೆಯ ಪುಟದಲ್ಲಿ ಇದ್ದದ್ದು ಇಷ್ಟು: ಗೋಡೆಯ ಮೇಲೆ ಏನು ಬರೆಯಬೇಕು, ಯಾರು ಬರೆಯಬೇಕು ಅನ್ನುವುದು ಗುಂಪಿನವರಿಗೆ ಬಿಟ್ಟದ್ದು. ಅವರ ಒಪ್ಪಿಗೆಯಿಲ್ಲದೆ ಮನೆಯವರು ಅದರ ಮೇಲೆ ಏನನ್ನೂ ಬರೆಯುವಂತಿಲ್ಲ.

ಬೇರೆ ಊರಿನಿಂದ ಚಿತ್ರಕಾರ ಬಂದ. ಕಾಕಾನೇ ಅವನಿಗೆ ಹೊತ್ತುಹೊತ್ತಿಗೆ ಚಹಾ ಕೊಟ್ಟರು. ಮೊದಲ ದಿನ ನೀಲಿ ಗೆರೆಗಳ ಮೇಲೆ ಬಿಳಿ ಬಣ್ಣ ಬಿತ್ತು. ವಾರದೊಳಗೆ ಗೋಡೆಯ ತುಂಬ ಕಾಕಾನ ಮುಖವೇ ಎದ್ದು ನಿಂತಿತು, ಕಿವಿಯಲ್ಲಿ ಕುಂಚ, ಹಣೆಯಲ್ಲಿ ಗೆರೆ. ಮುಖದ ಹಿಂದೆ ಅಕ್ಷರದ ಹಾಗೆ ಕಾಣುವ, ಅಕ್ಷರವಲ್ಲದ ಸುರುಳಿಗಳು.

ನಾನು ಓಡಿಹೋಗಿ ನೋಡಿ ಕೂಗಾಡಿದೆ. ಅವರು ಸಮಾಧಾನವಾಗಿಯೇ ಇದ್ದರು. "ಆ ಹುಡುಗನ ಕೈ ಛಲೋ ಐತಿ. ಮೂಗು ಭಾಳ ಛಂದ ಬಂದೈತಿ. ಆದ್ರ ಅವ್ವಾ, ನನ್ನ ಗೋಡಿ ಮ್ಯಾಲ ನನ್ನ ಕುಂದ್ರಿಸಿ, ಬರಿಯಾಕ ನನಗ ಜಾಗಾನ ಬಿಟ್ಟಿಲ್ಲ ನೋಡ್ರಿ."

"ದೂರು ಕೊಡೂಣು ಕಾಕಾ."

"ಬ್ಯಾಡ್ರಿ. ಸಹಿ ನಂದ ಐತಿ."

ಓದಿ ಹೇಳಿದವರು ನೀವು ಅಂತ ಅವರು ಅನ್ನಲಿಲ್ಲ. ಅಂದಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ. ಆಮೇಲೆ ಅವರ ಹೆಂಡತಿ, ನಾವು ಕಾಕು ಅನ್ನುವವರು, ಹೇಳಿದರು: ದಿನಾ ಬೆಳಿಗ್ಗೆ ಗೋಡೆಯೆದುರು ನಿಂತು ಆ ಸುರುಳಿಗಳನ್ನು ಓದಲು ನೋಡುತ್ತಿದ್ದರಂತೆ. "ಬಾಯಾಗ ಬರವಲ್ದು" ಅಂತ ಒಳಗೆ ಬರುತ್ತಿದ್ದರಂತೆ.

ಇನ್ನು ಈ ಶನಿವಾರದ ಮಾತು. ಹುಬ್ಬಳ್ಳಿಯಿಂದ ನಾದಿನಿ ಸುಮಂಗಲಾ ಬಂದಿದ್ದಾಳೆ. ಕಾಕಾ ಯಾರೆಂದು ಅವಳಿಗೆ ಗೊತ್ತಿಲ್ಲ. "ವೈನಿ, ಚಿತ್ರದ ಓಣಿ ಐತಂತಲ್ಲ ಇಲ್ಲೆ, ಫೋನಿನಾಗ ನೋಡೀನಿ. ಒಂದಿನಾ ಪೂರ್ತಿ ಅಡ್ಡಾಡಿ ಬರೂಣು," ಎಂದು ಮೂರು ದಿನದಿಂದ ಗಂಟುಬಿದ್ದಿದ್ದಳು. ಕಾಕುವನ್ನು ನೋಡಿದ ಹಾಗೂ ಆದೀತೆಂದು ಹೊರಟೆ. ಚಪಾತಿ ಸುರುಳಿ, ಶೇಂಗಾ ಚಟ್ನಿ ಕಟ್ಟಿಕೊಂಡೆವು. ಲಿಂಗಂಪಲ್ಲಿಯಿಂದ ಲೋಕಲ್ ರೈಲು, ಇಳಿದು ಹತ್ತು ನಿಮಿಷದ ನಡಿಗೆ.

ಚಿತ್ರಗಳ ಮೇಲೆ ನನಗೆ ಸಿಟ್ಟಿಲ್ಲ, ಅದನ್ನೂ ಬರೆದಿಡುತ್ತೇನೆ. ಮೂರಂತಸ್ತಿನ ಕಟ್ಟಡದ ತುಂಬ ಒಂದು ಬೆಕ್ಕು ಮಲಗಿತ್ತು. ನಿಜವಾದ ಬೆಕ್ಕೊಂದು ಅದರ ಬಾಲದ ಕೆಳಗೇ ಮಲಗಿತ್ತು. ನೀರಿನ ಟ್ಯಾಂಕಿನ ಸುತ್ತ ಬಳೆ ತೊಟ್ಟ ಕೈ. ಒಬ್ಬ ತಾಯಿ ಚಿತ್ರದ ಗಿಳಿಯನ್ನು ತೋರಿಸಿ ಮಗುವಿಗೆ ಅನ್ನ ತಿನ್ನಿಸುತ್ತಿದ್ದಳು. ಕಬ್ಬಿನ ಹಾಲು ಕುಡಿದೆವು, ಬಿಸ್ಕತ್ತು ತಿಂದೆವು. ಹಳೆ ಮನೆಯನ್ನು ಕಾಫಿ ಅಂಗಡಿ ಮಾಡಿದ್ದನ್ನು ಇಣುಕಿ ನೋಡಿದೆವು. ಸುಮಂಗಲಾ ಎಲ್ಲದರ ಮುಂದೂ ನಿಂತು ಫೋಟೋ ತೆಗೆಸಿಕೊಂಡಳು. ಚೆನ್ನಾಗಿಯೇ ಇತ್ತು ಬೆಳಗು.

ಕಾಕಾನ ಓಣಿಗೆ ತಿರುಗಿದಾಗ ಗೋಡೆಯ ಮುಂದೆ ಹತ್ತು ಹನ್ನೆರಡು ಜನ ನಿಂತಿದ್ದರು. ಚಿತ್ರ ತೋರಿಸಿ ವಿವರಿಸುವ ಹುಡುಗಿಯೊಬ್ಬಳು ಮುಂದೆ. ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಕಾಕುವಿನ ಸೀರೆ ಒಣಗುತ್ತಿತ್ತು.

"ಅಮ್ಮಾ, ಆ ಚೀರ ಕೊಂಚೆಂ ತೀಸ್ತಾರಾ? ಫೇಸ್ ಕನಪಡಟ್ಲೇದು," ಎಂದು ಹುಡುಗಿ ಕೂಗಿದಳು.

ಮುಖ ಕಾಣುವುದಿಲ್ಲವಂತೆ, ಸೀರೆ ತೆಗೆಯಬೇಕಂತೆ. ಕಾಕು ಹೊರಗೆ ಬಂದರು. ಅರೆ ಒಣಗಿದ ಸೀರೆಯನ್ನು ಎಳೆದುಕೊಂಡು, ಎದೆಗವಚಿಕೊಂಡು ಒಳಗೆ ಹೋದರು. ಸಿಟ್ಟು ಬಂತು ನನಗೆ. ಹುಡುಗಿ ಶುರು ಮಾಡಿದಳು: ಇವರೊಬ್ಬ ಅನಾಮಿಕ ಬೀದಿ ಪೇಂಟರ್, "ಅನ್‌ಪಢ್ ಥೇ", ಅಕ್ಷರ ಬಾರದವರು, ಅಕ್ಷರವನ್ನು ಚಿತ್ರವೆಂದು ತಿಳಿದು ನಕಲು ಮಾಡುತ್ತಿದ್ದರು, ಹಿಂದಿರುವ ಸುರುಳಿಗಳು ಅದನ್ನೇ ಸೂಚಿಸುತ್ತವೆ.

"ಕ್ಯಾ ಬೋಲೇ ಬೇಟಾ?" ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಅನ್‌ಪಢ್? ಚಾರ್ ಜಬಾನಾಂ ಲಿಖ್ತೇ ಥೇ ಉನೋ. ತುಮೇ ಕಿತ್ತೇ ಲಿಖ್ತೇ?"

ನಾಲ್ಕು ಭಾಷೆ ಬರೆಯುತ್ತಿದ್ದರು, ನೀನೆಷ್ಟು ಬರೆಯುತ್ತೀ ಅಂದೆ. ಗುಂಪು ತಿರುಗಿ ನೋಡಿತು. ಹುಡುಗಿ ನಕ್ಕಳು, ದೊಡ್ಡವರನ್ನು ಸಮಾಧಾನ ಮಾಡುವ ನಗೆ. "ಆಂಟೀ, ಯೇ ಏಕ್ ಸಿಂಬಲ್ ಹೈ. ಸಾರೇ ಬೇನಾಮ್ ಕಲಾಕಾರೋಂ ಕಾ." ಹೆಸರಿಲ್ಲದ ಕಲಾವಿದರೆಲ್ಲರ ಸಂಕೇತವಂತೆ ಇದು.

"ಬೇನಾಮ್ ಕಾಯ್ಕು? ಅಂದರ್ ಉನ್ಕೀ ಘರ್‌ವಾಲೀ ಬೈಠೀ ನಾ. ಅಬ್ಬೀ ಸಾಡೀ ನಿಕಾಲ್‌ವಾಯೇ ಉನ್ಸೇ. ನಾಮ್ ಪೂಛೇ ಕ್ಯಾ?" ಹೆಸರಿಲ್ಲದವರು ಯಾಕೆ, ಹೆಂಡತಿ ಒಳಗೇ ಇದ್ದಾರೆ, ಈಗಷ್ಟೇ ಅವರಿಂದ ಸೀರೆ ತೆಗೆಸಿದೆಯಲ್ಲ, ಹೆಸರು ಕೇಳಿದೆಯಾ ಅಂದೆ.

ಅವಳ ಮುಖ ಕೆಂಪಾಯಿತು. ತನಗೆ ಕೊಟ್ಟ ಕಾಗದದಲ್ಲಿ ಹಾಗೇ ಇದೆ ಎಂದಳು. ಪಾಪ, ಅವಳೂ ಯಾರೋ ಕೊಟ್ಟ ಕಾಗದವನ್ನು ನಂಬಿದವಳೇ. ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿಯೇ ತಾಗಿತು. ಆದರೂ ಅವಳು ಬಾಗಿಲ ಕಡೆ ಒಂದು ಹೆಜ್ಜೆ ಇಡಲಿಲ್ಲ. ಹೊತ್ತಾಯಿತೆಂದು ಗುಂಪನ್ನು ಕಾಫಿ ಅಂಗಡಿಯತ್ತ ನಡೆಸಿಕೊಂಡು ಹೋದಳು.

ಗೋಡೆಯ ಬುಡದಲ್ಲಿ ಹೊಸದೊಂದು ಫಲಕ ಹಾಕಿದ್ದಾರೆ. ತೆಲುಗಿನಲ್ಲಿ 'ಅನಾಮಕ ಚಿತ್ರಕಾರುಡು', ಹೆಸರಿಲ್ಲದ ಚಿತ್ರಕಾರ ಅಂತ. ಕಂಪ್ಯೂಟರ್ ಅಕ್ಷರ. ಸಾಸಿವೆ ಡಬ್ಬಿಗೂ ನನ್ನ ಮನೆಯಲ್ಲಿ ಹೆಸರಿದೆ.

ಒಳಗೆ ಹೋದೆವು. ಕಾಕು ನೀರು ಕೊಟ್ಟರು. ನಾನು ಮಾರ್ಕರ್ ತೆಗೆದು ಕೇಳಿದೆ, "ಆ ಪಾಟಿ ಮ್ಯಾಲ ಕಾಕಾನ ಹೆಸರು ಬರೀಲೇನ್ರಿ?"

ಅವರು ಸೀರೆಯ ಒದ್ದೆ ಅಂಚು ಹಿಂಡುತ್ತಲೇ ಇದ್ದರು. "ಬ್ಯಾಡವ್ವಾ. ಆ ಗೋಡಿ ಅವ್ರು ಬರದದ್ದಲ್ಲ. ತಾವು ಬರೀದಿದ್ದಕ್ಕ ಅವ್ರು ಹೆಸರು ಹಾಕಾವ್ರಲ್ಲ."

"ಹಂಗಾದ್ರ ನಾ ಕಾಗದದಾಗ ಬರೀತೀನಿ. ನಾಕು ಮಂದಿಗೆ ಗೊತ್ತಾಗ್ಲಿ."

"ಕಾಗದಾ?" ಕಾಕು ನನ್ನನ್ನು ದಿಟ್ಟಿಸಿ ನೋಡಿದರು. "ಒಮ್ಮಿ ಕಾಗದದಾಗ ಬರದದ್ದು ಸಾಕಾಗೇತಿ. ಯಾರಿಗೆ ಬೇಕೋ ಅವ್ರು ಬಂದು ಕೇಳ್ಲಿ. ನಾ ಇಲ್ಲೇ ಇರ್ತೀನಿ, ಹೇಳ್ತೀನಿ."

ಅದಕ್ಕೇ ಇಲ್ಲಿ ಹೆಸರಿಲ್ಲ.

ಹೊರಗೆ ಬಂದು ಫಲಕದ ಮುಂದೆ ಕುಕ್ಕರಗಾಲಲ್ಲಿ ಕೂತೆ. ಸುಮಂಗಲಾ ಓಣಿಯ ಎರಡೂ ಕಡೆ ನೋಡಿದಳು. "ವೈನಿ, ಯಾರರೆ ನೋಡಿದ್ರ ಏನಂತಾರ? ಏನ್ ಮಾಡಾಕತ್ತೀರಿ?"

'ಅನಾಮಕ'ದ ಕ ಮೇಲೆ ತೆಲುಗಿನ ಗೀಟಿತ್ತು. ಅದನ್ನು ಮುಚ್ಚಿ ಅಡ್ಡಗೆರೆ ಎಳೆದೆ, ತುದಿಗೆ ಸಣ್ಣ ಕೊಂಕು ಕೊಟ್ಟೆ. ಕಿರುಬೆರಳು ಊರಿದ್ದೆ, ಉಸಿರು ಹಿಡಿದಿದ್ದೆ.

"ರುಮಾಲು ಸುತ್ತೀನಿ," ಅಂದೆ. "ನಮ್ಮವ್ರು ಯಾರರೆ ನಿಂತು ಕೇಳ್ಲಿ."

ಕಾಕಾನ ಗೆರೆಯ ಹಾಗೆ ಬರಲಿಲ್ಲ. ಕೈ ತೊಳೆದಿರಲಿಲ್ಲ, ಚಹಾ ಕುಡಿದಿರಲಿಲ್ಲ. ದಪ್ಪ ಬಂತು.